ಯಾರ ಕಡೆಯವನು

ಜಗಳೂರು ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ, ಕಂಪನಿಗಳಿಗೆ ಕೆಲಸಗಾರರನ್ನು ಒದಗಿಸುವ ಆ ಏಜೆನ್ಸಿಯ ಶಟರ್ ಎಳೆದಿತ್ತು. ಬೈಕ್ ನಿಲ್ಲಿಸಿದ ಕೊಟ್ರೇಶ್ ಹೆಂಡತಿಯ ಕಡೆ ತಿರುಗಿ, “ನೋಡು ನಿನ್ನ ಏಜೆನ್ಸಿ. ಮಟಮಟ ಮಧ್ಯಾಹ್ನ ಬೀಗ ಜಡಿದು ಹೋಗ್ಯಾರೆ,” ಎಂದ.

ಕೊಟ್ರೇಶ್ ಗಾಳಿಯಂತ್ರಗಳ ರೆಕ್ಕೆ ರಿಪೇರಿ ಮಾಡುವವನು. ಅಷ್ಟೆತ್ತರದಲ್ಲಿ ಹಗ್ಗಕ್ಕೆ ಜೋತುಬಿದ್ದು ಮಾಡುವ ಕೆಲಸ. ಇಷ್ಟು ದಿನ ಕಂಪನಿಯವರು ಕರೆದಾಗ ಹೋಗಿ, ಮುಗಿಸಿಕೊಟ್ಟು ಬರುತ್ತಿದ್ದ. ಈಗ ಅಲ್ಲಿನ ಸೂಪರ್‌ವೈಸರ್, “ಇನ್ಮೇಲೆ ನಿಮ್ಮ ಹೊಣೆ ನಮ್ಮದಲ್ಲ. ಯಾವುದಾದ್ರೂ ಏಜೆನ್ಸಿ ಸೇರ್ಕೊಂಡು ಅವರ ಕಡೆಯಿಂದ ಬರ್ರಿ. ಏನಿದ್ರೂ ಅವರೇ ನೋಡ್ಕೋತಾರೆ,” ಎಂದುಬಿಟ್ಟಿದ್ದ. ಕೊಟ್ರೇಶನ ಮನಸ್ಸು ದಾವಣಗೆರೆಯ ಒಂದು ಏಜೆನ್ಸಿಯ ಮೇಲಿತ್ತು. ಗಾಜಿನ ಬಾಗಿಲು, ಎ.ಸಿ., ಕೈಗೆ ಬರುವ ಸಂಬಳವೂ ಜಾಸ್ತಿ. ಇಲ್ಲಿಗೆ ಬಂದದ್ದು ಹೆಂಡತಿ ಹೇಮಾವತಿಯ ಹಟಕ್ಕೆ. ಪಕ್ಕದ ಮನೆಯ ಕಲ್ಲಮ್ಮನ ಸೊಸೆ ಈ ಏಜೆನ್ಸಿಯ ಕಡೆಯಿಂದಲೇ ಕೆಲಸಕ್ಕೆ ಹೋಗುವವಳು; ಅವಳು ಹೆರಿಗೆಗೆ ಹೋದಾಗ ಆಸ್ಪತ್ರೆಯ ಎಲ್ಲಾ ಓಡಾಟ ಇವರೇ ಮಾಡಿದ್ದರಂತೆ.

ಹೇಮಾವತಿ ಬೋರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

“ಹಾಂ, ಏಜೆನ್ಸಿ ಸಂಧ್ಯಾರಾಣಿನೇ ಮಾತಾಡೋದು. ಆಫೀಸ್ ಹತ್ರ ಬಂದೀರಾ? ನಾನು ದಾವಣಗೆರೆ ಆಸ್ಪತ್ರೆಯಾಗಿದೀನ್ರೀ. ನಮ್ಮ ಕಡೆ ಕೆಲಸ ಮಾಡೋ ಆಂಜನೇಯ ಅನ್ನೋರು ಏಣಿಯಿಂದ ಬಿದ್ದು ತೊಡೆ ಮುರ್ಕೊಂಡಾರೆ. ಈಗ ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋದ್ರು. ಬರಾಕೆ ಸಂಜೆ ಆಗ್ತೈತೆ. ನಾಳೆ ಬರ್ರಿ.”

ಕೊಟ್ರೇಶ್ ಬೈಕಿಗೆ ಕಿಕ್ ಹೊಡೆದ. “ಸೇರೋಕೆ ಮೊದ್ಲೇ ಬಿದ್ದೋರ ಸುದ್ದಿ! ಗಾಡಿ ಹತ್ತು, ದಾವಣಗೆರೆಯೋರೇ ಸೈ.”

ಹೇಮಾವತಿ ಹತ್ತಲಿಲ್ಲ. “ಬೀಳೋರು ಎಲ್ಲಾ ಕಡೆ ಇರ್ತಾರ್ರೀ. ನೀವು ಬಿದ್ರೆ ಯಾರು ಬರ್ತಾರೆ ಅಂತ ಅವರನ್ನ ಒಂದ್ ಮಾತು ಕೇಳ್ರಿ.”

ಮೇಲೆ ಹತ್ತುವವನು ಬೀಳುವ ಮಾತು ಆಡಬಾರದೆಂದು ಅವನ ಜೊತೆಗಾರರೆಲ್ಲ ನಂಬಿದ್ದರು, ಅವನೂ ನಂಬಿದ್ದ. ಆದರೆ ಅವಳು ನಿಂತಲ್ಲಿಂದ ಕದಲುವಂತೆ ಕಾಣಲಿಲ್ಲ. ಗೊಣಗುತ್ತಲೇ ದಾವಣಗೆರೆಯ ಮ್ಯಾನೇಜರಿಗೆ ಫೋನ್ ಮಾಡಿ ಕೇಳಿದ.

“ಅಯ್ಯೋ, ಅಪಶಕುನ ಯಾಕೆ ನುಡೀತೀರಿ ಕೊಟ್ರೇಶ್?” ಮ್ಯಾನೇಜರ್ ನಕ್ಕ. “ನಮ್ಮದು ಸಂಬಳ ಹಾಕೋದಷ್ಟೇ. ಮಿಕ್ಕಿದ್ದೆಲ್ಲ ನಿಮ್ಮ ಕಂಪನಿಯೋರು ನೋಡ್ಕೋತಾರೆ. ಪಾಸ್‌ಬುಕ್ ಫೋಟೊ ಕಳಿಸ್ರಿ, ಇವತ್ತೇ ಸೇರಿಸ್ಕೋತೀನಿ.”

“ಆಯ್ತು ಸಾರ್,” ಎಂದು ಕೊಟ್ರೇಶ್ ಫೋನನ್ನು ಜೇಬಿಗಿಳಿಸಿದ. ಕಂಪನಿಯವರು ಏಜೆನ್ಸಿಯ ಕಡೆ ಕೈ ತೋರಿಸಿದ್ದರು, ಏಜೆನ್ಸಿಯವನು ಕಂಪನಿಯ ಕಡೆ. ಹಾಗಾದರೆ ತಾನು ಯಾರ ಕಡೆಯವನು? ಬೈಕ್ ಆಫ್ ಮಾಡಿ ಬಂದು ಶಟರಿನ ಮುಂದಿನ ಮೆಟ್ಟಿಲ ಮೇಲೆ ಕುಳಿತ. “ಹೊಟ್ಟೆ ಹಸಿದೈತೆ,” ಎಂದಷ್ಟೇ ಹೇಳಿದ. ಹೇಮಾವತಿ ಹೋಗಿ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದಳು. ಇಬ್ಬರೂ ಅಲ್ಲೇ ಕೂತು ತಿಂದರು.

ಬಿಸಿಲು ಇಳಿದ ಮೇಲೆ, ಸುಕ್ಕಾದ ಸೀರೆಯ ನಡುವಯಸ್ಸಿನ ಹೆಂಗಸೊಬ್ಬಳು ಬೀಗದ ಕೈ ಹುಡುಕುತ್ತಾ ಬಂದಳು. “ಇನ್ನೂ ಇಲ್ಲೇ ಇದೀರಾ!”

“ಅವರು ಹೆಂಗಿದಾರೆ?” ಕೊಟ್ರೇಶ್ ಎದ್ದು ನಿಂತ.

“ರಾಡ್ ಹಾಕಿದಾರೆ, ಪ್ರಾಣಕ್ಕೇನಿಲ್ಲ.” ಸಂಧ್ಯಾರಾಣಿ ಶಟರ್ ಎತ್ತಿದಳು. “ಆದ್ರೆ ಅವರ ಮನೆಯೋರ ನಂಬರ್ ನಮ್ಮ ಹತ್ರ ಇರ್ಲಿಲ್ಲ. ಹೆಂಡ್ತಿಗೆ ಸುದ್ದಿ ಮುಟ್ಟಿಸಾಕೆ ಸಾಕು ಸಾಕಾಯ್ತು. ತಪ್ಪು ನಂದೇ. ಈಗ ಆಯಮ್ಮ ಬಂದು ಪಕ್ಕದಾಗೆ ಕೂತಾರೆ.” ಲೈಟ್ ಹಾಕಿ, ಕುರ್ಚಿ ಎಳೆದುಕೊಂಡು, ಸೇರಿಸಿಕೊಳ್ಳುವ ಅರ್ಜಿಯ ಹಾಳೆಯೊಂದನ್ನು ಮುಂದಿಟ್ಟುಕೊಂಡಳು. “ಮೊದ್ಲೇ ಹೇಳಿಬಿಡ್ತೀನಿ. ಪಿ.ಎಫ್., ಇ.ಎಸ್.ಐ. ಎಲ್ಲಾ ಹಿಡೀತೀವಿ. ಬ್ಯಾರೆ ಕಡೆಗಿಂತ ಕೈಗೆ ಬರೋದು ಕಡಿಮೆ.”

“ಇರ್ಲಿ, ಬರ್ಕೊಳ್ರಿ,” ಎಂದ ಕೊಟ್ರೇಶ್.

ಅವಳು ಹೆಸರು ಬರೆದುಕೊಂಡಳು. ಆಮೇಲೆ ಪೆನ್ನನ್ನು ನೇರ ಹಾಳೆಯ ಕೆಳತುದಿಗೆ ಒಯ್ದು, ತಲೆಯೆತ್ತಿ ಕೇಳಿದಳು: “ನಿಮಗೇನಾದ್ರೂ ಆದ್ರೆ ಮೊದ್ಲು ಯಾರಿಗೆ ಫೋನ್ ಮಾಡ್ಲಿ?”

ಕೊಟ್ರೇಶ್ ಬಾಯಿ ತೆರೆಯುವ ಮೊದಲೇ ಹೇಮಾವತಿ ಒಂದೊಂದೇ ಅಂಕಿ ಬಿಡಿಸಿ ತನ್ನ ನಂಬರ್ ಹೇಳತೊಡಗಿದಳು.