ಸೀಟಿನ ಕೆಳಗಿನ ಸ್ವಿಚ್

ಚಾರ್ಜರಿನ ಹಸಿರು ದೀಪ ಕೆಂಪಾಗಲೇ ಇಲ್ಲ. ಕೆಂಪಾದರೆ ಮಾತ್ರ ಸ್ಕೂಟರಿನ ಬ್ಯಾಟರಿಗೆ ಕರೆಂಟು ಹೋಗುತ್ತಿದೆ ಎಂದು ಅಂಗಡಿಯವರು ಹೇಳಿದ್ದರು. ೨೦೦೮ರಲ್ಲಿ ಸಿರಸಂಗಿಗೆ ಬಂದ ಮೊದಲ ಬ್ಯಾಟರಿ ಸ್ಕೂಟರ್ ಅದು. ಮೂವತ್ತು ವರ್ಷದಿಂದ ಊರಿನ ಮನೆಗಳಿಗೆ ವೈರಿಂಗ್ ಮಾಡುತ್ತಿದ್ದ ರಹಿಮಾನಸಾಬ, ಆಗಷ್ಟೇ ತಾನು ಕೂಡಿಸಿದ ಪ್ಲಗ್ಗಿಗೆ ಟೆಸ್ಟರ್ ಇಟ್ಟು ನೋಡಿದ. ಕರೆಂಟು ಇತ್ತು.

"ಗಾಡಿನ ಕೆಟ್ಟೈತ್ರಿ ಬಾಯಾರ. ವಾಪಸ್ ಕೊಟ್ಟಬಿಡ್ರಿ," ಎಂದ.

ನರ್ಸ್ ನಾಗರತ್ನಾಳ ಮುಖ ಬಾಡಿತು. ಮೊಣಕಾಲು ನೋವಿನಲ್ಲೇ ಹೊಲದ ಮನೆಗಳಿಗೆ ನಡೆದು ಮಕ್ಕಳಿಗೆ ಲಸಿಕೆ ಹಾಕುತ್ತಿದ್ದವಳು ಅವಳು; ಅದಕ್ಕೆಂದೇ ಈ ಗಾಡಿ ಕೊಂಡಿದ್ದಳು. ಆದರೂ ಸೋಲದೆ ಕಟ್ಟೆಯ ಮೇಲೆ ಕೂತು, ಗಾಡಿಯ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಿಕೆಯನ್ನು ಬೆರಳಿಟ್ಟು ಓದತೊಡಗಿದಳು.

"ಚಾಚಾ, ಸೀಟಿನ ಕೆಳಗ ಒಂದು ಸ್ವಿಚ್ ಐತಂತ್ರಿ. ಗಾಡಿ ಲಾರಿಗೆ ಹಾಕೂಮುಂದ ಅದನ್ನ ಬಂದ್ ಮಾಡಿರತಾರಂತ."

"ಸೀಟಿನ ಬುಡಕ ಸ್ವಿಚ್ಚಾ?" ರಹಿಮಾನಸಾಬ ನಕ್ಕ.

ಅವಳು ಸೀಟು ಎತ್ತಿ ಸ್ವಿಚ್ ಹಾಕಿದಳು. ದೀಪ ಕೆಂಪಾಯಿತು. ಚಾರ್ಜರಿನೊಳಗಿನ ಪುಟ್ಟ ಫ್ಯಾನು ಗುಂಯ್ ಎಂದಿತು. ನಾಗರತ್ನಾ ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು.

ರಹಿಮಾನಸಾಬನ ನಗು ನಿಂತಿತು. ಅವನು ಹೆಗಲಿನ ಚೀಲ ಇಳಿಸಿ, ಅವಳ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ.

"ಬಾಯಾರ, ಮೊದಲನೇ ಹಾಳಿಯಿಂದ ಓದ್ರಿ. ಕನ್ನಡದಾಗ ಹೇಳ್ರಿ, ನಾ ಕಲೀತೇನಿ."