ಎರಡನೇ ಪ್ಲೇಟು

"ಗಾಡಿ ಮುಂದಿನ ನಂಬರ್ ಪ್ಲೇಟು ಎಲ್ಲಿ ಮೇಡಂ?"

ಕಿಟಕಿಯ ಬಳಿ ಬಗ್ಗಿದ ಪೊಲೀಸಿನವನ ಅಂಗಿಯ ಮೇಲೆ ಪ್ರೂಯಿಟ್ ಎಂದು ಹೆಸರಿತ್ತು. ವೆರ್ಲಾ ಎರಡೂ ಕೈಗಳನ್ನು ಅವನಿಗೆ ಕಾಣುವಂತೆ ಸ್ಟೀರಿಂಗಿನ ಮೇಲೆ ಇಟ್ಟುಕೊಂಡಳು. ಐವತ್ತೊಂದು ವರ್ಷದಲ್ಲಿ ಅವಳನ್ನು ಯಾರೂ ಹೀಗೆ ರಸ್ತೆಬದಿಗೆ ನಿಲ್ಲಿಸಿದ್ದಿಲ್ಲ.

"ಇದೆಯಲ್ಲ ಸರ್, ಮುಂದೆ."

"ಅದು ಕೆಂಟಕಿ ಬ್ಯಾಸ್ಕೆಟ್‌ಬಾಲ್ ಟೀಮಿನ ಹಲಗೆ. ಟೀಮು ಚೆನ್ನಾಗೇ ಆಡುತ್ತೆ, ಇಲ್ಲ ಅನ್ನಲ್ಲ. ಆದ್ರೆ ನೀವೀಗ ನದಿ ದಾಟಿ ಇಲಿನಾಯ್‌ಗೆ ವಾಸಕ್ಕೆ ಬಂದ್ಬಿಟ್ಟಿದ್ದೀರಿ. ಇಲ್ಲಿ ಹಿಂದೊಂದು, ಮುಂದೊಂದು, ಎರಡೂ ಸರ್ಕಾರದ್ದೇ ಇರಬೇಕು. ಗಾಡಿ ನೋಂದಣಿ ಆಫೀಸಲ್ಲಿ ಎರಡು ಕೊಟ್ಟಿರ್ತಾರಲ್ಲ?"

ಕೊಟ್ಟಿದ್ದರು. ಹೋದ ಶನಿವಾರ ಲಕೋಟೆಯಿಂದ ಎರಡು ಪ್ಲೇಟು ಹೊರಬಂದಾಗ ಅಪ್ಪ ಓಡೆಲ್ ಮಗುವಿನಂತೆ ಹಿಗ್ಗಿದ್ದ. "ಮನೇಲಿ ಎರಡು ಗಾಡಿ ಇದೆ ಅಂದ್ಯಲ್ಲ, ಎರಡು ಕೊಟ್ಟಿದ್ದಾರೆ ನೋಡು. ನಾನು ಕ್ಯೂ ನಿಲ್ಲೋದು ತಪ್ತು." ಎರಡರಲ್ಲೂ ಒಂದೇ ನಂಬರಿದೆಯಲ್ಲಪ್ಪ ಎಂದು ಅವಳು ಅನುಮಾನಿಸಿದರೆ, "ಮನೆ ಒಂದೇ ಅಲ್ವೇನೇ?" ಎಂದಿದ್ದ. ಕೆಂಟಕಿಯಲ್ಲಿ ಗಾಡಿಗೆ ಒಂದೇ ಪ್ಲೇಟು, ಅದೂ ಹಿಂದೆ. ಮುಂದಿನ ಜಾಗ ಅವರವರ ಇಷ್ಟದ್ದು. ಹುಟ್ಟಿದಾಗಿನಿಂದ ಇಬ್ಬರೂ ನೋಡಿದ್ದು ಅಷ್ಟೇ. ಎಂಬತ್ತರ ಮುದುಕ ನೆಲಕ್ಕೆ ಮೊಣಕಾಲೂರಿ ತನ್ನ ಪಿಕಪ್‌ನ ಹಿಂಭಾಗಕ್ಕೆ ಆ ಎರಡನೇ ಪ್ಲೇಟನ್ನು ಕೂರಿಸುವಾಗ, ತಿರುಪುಗಳನ್ನು ಅಂಗೈಯಲ್ಲಿ ಹಿಡಿದು ಪಕ್ಕದಲ್ಲಿ ನಿಂತವಳೇ ಅವಳು.

ಈಗ ಆ ಪಿಕಪ್ಪು ಅವಳ ಕಾರಿನ ನಂಬರನ್ನು ಹೊತ್ತುಕೊಂಡು ಸೇತುವೆಯಾಚೆ ಕ್ಷೌರದಂಗಡಿಯ ಮುಂದೆ ನಿಂತಿದೆ. ಹನ್ನೊಂದಕ್ಕೆಲ್ಲ ಇದೇ ರಸ್ತೆಯಲ್ಲಿ ವಾಪಸು ಬರುತ್ತದೆ. ಗಂಟೆ ಹತ್ತು ಐವತ್ತೆರಡು.

ಸೋಮವಾರದಿಂದ ಅವಳು ಶಾಲೆಯ ಬಸ್ಸು ಓಡಿಸಬೇಕು. ಹೆಸರಿನ ಮೇಲೆ ಒಂದು ಕೇಸು ಬಿದ್ದರೂ ಕೆಲಸ ಇಲ್ಲ ಎಂಬ ಕಾಗದಕ್ಕೆ ಸಹಿ ಹಾಕಿ ಬಂದಿದ್ದಳು. ಆದರೆ ಆ ಗಳಿಗೆಯಲ್ಲಿ ಅವಳ ಕಣ್ಣ ಮುಂದೆ ಬಂದದ್ದು ಅಪ್ಪನ ಲೈಸೆನ್ಸು. ಈ ವಯಸ್ಸಿನಲ್ಲಿ ಅದನ್ನು ಒಮ್ಮೆ ಕಿತ್ತುಕೊಂಡರೆ ಮತ್ತೆ ಯಾರು ಕೊಡುತ್ತಾರೆ?

"ಮನೇಲಿದೆ ಸರ್," ಎಂದಳು. "ಅಡುಗೆಮನೆ ಡ್ರಾಯರಲ್ಲಿ."

"ಸರಿ, ಇವತ್ತೇ ಹಾಕಿಸ್ಬಿಡಿ. ಹೊಸಬರು ಮಾಡೋ ತಪ್ಪೇ ಇದು. ದಂಡ ಬೇಡ, ಒಂದು ಎಚ್ಚರಿಕೆ ಚೀಟಿ ಬರೀತೀನಿ, ಅಷ್ಟೇ. ಕೆಲಸ ಏನು ಮಾಡ್ತೀರಿ?"

"ಶಾಲೆ ಬಸ್ಸು ಓಡಿಸ್ತೀನಿ. ಸೋಮವಾರದಿಂದ."

"ಹೌದಾ! ನನ್ನ ಮಗಳೂ ಅದರಲ್ಲೇ ಬರೋದು. ಹಿಂದಿನ ಸೀಟಲ್ಲಿ ಚ್ಯೂಯಿಂಗ್ ಗಮ್ ಅಂಟಿಸೋಳು ಅವಳೇ, ಈಗ್ಲೇ ಹೇಳಿರ್ತೀನಿ." ಅವನು ನಕ್ಕ. ಅವಳೂ ನಕ್ಕಳು, ನಗುವಾಗಲೂ ಕಣ್ಣು ಸೇತುವೆಯ ಇಳಿಜಾರಿನ ಮೇಲೇ ಇತ್ತು. ಅವನು ಒಂದೊಂದೇ ಅಕ್ಷರವನ್ನು ಕೊರೆದಂತೆ ಬರೆಯುತ್ತಿದ್ದ. ಬೇಗ, ಬೇಗ, ಎಂದು ಅವಳ ಹೆಬ್ಬೆರಳು ಸ್ಟೀರಿಂಗಿಗೆ ಬಡಿಯುತ್ತಿತ್ತು.

ಹಸಿರು ಪಿಕಪ್ಪು ಇಳಿಜಾರಿನಲ್ಲಿ ಕಾಣಿಸಿಕೊಂಡಿತು. ನಿಲ್ಲಬೇಡ ಅಪ್ಪ, ಎಂದುಕೊಂಡಳು. ಮರುಕ್ಷಣವೇ, ಹೋಗಲೂ ಬೇಡ. ನಿಂತರೆ ಮಾತಾಡುತ್ತಾನೆ, ಹೋದರೆ ಗಾಡಿಯ ಹಿಂದಿನ ಪ್ಲೇಟು ಕಾಣುತ್ತದೆ.

ಮಗಳನ್ನು ಪೊಲೀಸರು ಹಿಡಿದು ನಿಲ್ಲಿಸಿದ್ದು ಕಂಡ ಮೇಲೆ ಓಡೆಲ್ ಮುಂದೆ ಹೋಗುವುದುಂಟೇ? ಎದುರು ಬದಿಯಲ್ಲಿ ಗಾಡಿ ನಿಲ್ಲಿಸಿ, ಹೊಸದಾಗಿ ಕತ್ತರಿಸಿದ ಬಿಳಿಗೂದಲಿನ ತಲೆಯನ್ನು ಸವರಿಕೊಳ್ಳುತ್ತ ರಸ್ತೆ ದಾಟಿ ಬಂದ.

"ಏನಾಯ್ತು ಮಗಾ?"

"ಗಾಬರಿ ಬೇಡ ಯಜಮಾನ್ರೇ," ಎಂದ ಪ್ರೂಯಿಟ್. "ಮುಂದಿನ ಪ್ಲೇಟು ಹಾಕಿಲ್ಲ, ಅಷ್ಟೇ. ಮನೆ ಡ್ರಾಯರಲ್ಲಿ ಇಟ್ಟಿದ್ದೀನಿ ಅಂತಿದ್ದಾರೆ." ಆಮೇಲೆ ಪಿಕಪ್ಪಿನ ಬೋಳು ಮೂತಿಯನ್ನು ನೋಡಿ, "ನಿಮ್ಮದೂ ಅದೇ ಕಥೆಯಾ? ಹಿಂದಾದ್ರೂ ಇದೆಯಾ?" ಎನ್ನುತ್ತ ಅತ್ತ ನಡೆದ.

ಓಡೆಲ್ ಮಗಳ ಮುಖ ನೋಡಿದ. ಅದರಲ್ಲಿ ಏನು ಕಂಡಿತೋ, ಅವನ ಕೈ ತಲೆಯಿಂದ ಕೆಳಗಿಳಿಯಿತು. ವೆರ್ಲಾ ಬಾಗಿಲಿನ ಹಿಡಿಗೆ ಕೈ ಹಾಕಿದಳು. ಅಪ್ಪ ಹೊರಗಿನಿಂದ ಬಾಗಿಲಿಗೆ ಸೊಂಟ ಒತ್ತಿ ನಿಂತ.

"ಯಜಮಾನ್ರೇ!" ಪಿಕಪ್ಪಿನ ಹಿಂದಿನಿಂದ ಬಂದ ದನಿಯಲ್ಲಿ ಈಗ ನಗುವಿರಲಿಲ್ಲ. "ಇದು ಆ ಕಾರಿನ ನಂಬರು. ಇಲ್ಲಿಗೆ ಹೇಗೆ ಬಂತು?"

"ನಾನೇ ಡ್ರಾಯರಿಂದ ತೆಗೆದೆ ತಮ್ಮ," ಎಂದು ಓಡೆಲ್ ಕೂಗಿ ಹೇಳಿದ. "ಅವಳಿಗೆ ಗೊತ್ತಿಲ್ಲ. ಕದ್ದೆ ಅಂತಲೇ ಬರ್ಕೋ."

"ಅಪ್ಪ..."

"ಸೋಮವಾರ ಬಸ್ಸು ಓಡಿಸ್ಬೇಕು ನೀನು," ಎಂದ ಓಡೆಲ್, ತಿರುಗಿ ನೋಡದೆ, ಮೆಲ್ಲಗೆ. "ಬಾಯ್ಮುಚ್ಚು."

ಆಮೇಲಿನ ಕಾಲು ಗಂಟೆಯನ್ನು ವೆರ್ಲಾ ಕನ್ನಡಿಯಲ್ಲಿ ನೋಡಿದಳು, ಗಾಜಿನ ಮೂಲಕ ನೋಡಿದಳು, ಒಂದು ಸಲ ಕಣ್ಣು ಮುಚ್ಚಿಕೊಂಡು ಕೇಳಿದಳು. ಕೋರ್ಟಿನ ತಾರೀಖು. ಪಿಕಪ್ಪು ಎಳೆದೊಯ್ಯಲು ಬರುವ ಗಾಡಿ. ಚರ್ಮದ ಪರ್ಸಿನಿಂದ ಲೈಸೆನ್ಸು ಹೊರತೆಗೆಯಲು ಅಪ್ಪನ ಬೆರಳುಗಳು ಮೂರು ಸಲ ಸೋತವು. ಪ್ರತಿ ಸಲವೂ, ಈಗ ಇಳಿದು ಹೇಳುತ್ತೇನೆ, ಎಂದುಕೊಂಡಳು.

ಪ್ರೂಯಿಟ್ ಕಿಟಕಿಯ ಬಳಿ ಬಂದ. ಎಚ್ಚರಿಕೆ ಚೀಟಿಯನ್ನೂ ಬಿಚ್ಚಿ ತಂದ ಪ್ಲೇಟನ್ನೂ ಅವಳ ಕೈಗಿತ್ತ.

"ನೀವು ಹೊರಡಿ ಮೇಡಂ. ಅವರ ಮೇಲೆ ಕೋಪ ಮಾಡ್ಕೋಬೇಡಿ," ಎಂದ. "ಕೇಳಿದ ತಕ್ಷಣ ನಿಜ ಒಪ್ಪಿಕೊಳ್ಳೋರು ಈ ಕೆಲಸದಲ್ಲಿ ನಮಗೆ ಸಿಗೋದೇ ಅಪರೂಪ."

"ಹೌದು ಸರ್," ಎಂದಳು ವೆರ್ಲಾ.