ಗಂಡಸರ ಪಟ್ಟಿ

ವರ್ಷಕ್ಕೊಮ್ಮೆ ಎಲ್ಲರೂ ಮಿದುಳಿನ ವಯಸ್ಸು ಅಳೆಸಬೇಕು. ಆ ವಯಸ್ಸು ಅರವತ್ತು ದಾಟಿದ ತಾಯಿಯ ಮಗುವನ್ನು ಸರ್ಕಾರ ಒಯ್ಯುತ್ತದೆ. ನಾನು ಹುಟ್ಟಿ ಇಪ್ಪತ್ತೊಂಬತ್ತು ವರ್ಷ. ಗಂಡ ಸತ್ತ ಮೇಲೆ ಅಳೆಸಿದ್ದು ಇದೇ ಮೊದಲು.

"ಐವತ್ತೆಂಟು! ನಮ್ಮತ್ತೆಗೆ ಜೋಡಿ ಆಗ್ತೀಯಲ್ಲಮ್ಮ. ಪಾಸು, ಹೋಗು," ಎಂದು ಗುಮಾಸ್ತೆ ಪರಿಮಳಮ್ಮ ನಕ್ಕು ಚೀಟಿ ಕೊಟ್ಟರು.

ಚೀಟಿಯ ಮೇಲೆ 'ಗಂಡಸರ ಪಟ್ಟಿ' ಎಂದಿತ್ತು. ಮನೆಯ ಕಾರ್ಡು ಇನ್ನೂ ಗಂಡನ ಹೆಸರಿನಲ್ಲಿದ್ದುದರಿಂದ ಯಂತ್ರ ನನ್ನನ್ನು ಗಂಡಸರ ಪಟ್ಟಿಗೆ ಹೋಲಿಸಿತ್ತು. ಗಂಡಸರ ಮಿದುಳು ಬೇಗ ಸವೆಯುತ್ತದೆ. ಗೋಡೆಗೆ ಅಂಟಿಸಿದ್ದ ಹೆಂಗಸರ ಪಟ್ಟಿಯಲ್ಲಿ ಇಷ್ಟೇ ಸವೆತಕ್ಕೆ ಅರವತ್ತೈದು ವರ್ಷ.

ನಾಲ್ಕು ವರ್ಷದ ಮಗಳು ಇಂಚರಳ ಕೈ ಹಿಡಿದು ಬಾಗಿಲಿಗೆ ನಡೆದೆ.

"ನಿಲ್ಲಮ್ಮ, ಕಾರ್ಡು ಯಜಮಾನರ ಹೆಸರಲ್ಲಿದೆ. ಅವರೆಲ್ಲಿ?" ಎಂದರು ಪರಿಮಳಮ್ಮ.

"ಮನೇಲಿದಾರೆ," ಎಂದೆ.

ಇಂಚರ ನನ್ನ ಸೆರಗು ಜಗ್ಗಿ ಕೂಗಿದಳು: "ಅಮ್ಮಾ, ಅಪ್ಪ ವಾಪಸ್ ಬಂದ್ರಾ?"